ಅಮೆರಿಕದ ಸಾರ್ವಜನಿಕ ಶಾಲೆಗಳಲ್ಲಿ ಪ್ರತಿಭಾನ್ವಿತ ವಿದ್ಯಾರ್ಥಿಗಳ ಎಣಿಕೆ

ಅಮೆರಿಕ ಸಂಯುಕ್ತ ಸಂಸ್ಥಾನದ ಸಾರ್ವಜನಿಕ ಶಾಲೆಗಳಲ್ಲಿ ಎಷ್ಟು ವಿದ್ಯಾರ್ಥಿಗಳನ್ನು ಪ್ರತಿಭಾನ್ವಿತರೆಂದು ಗುರುತಿಸಲಾಗಿದೆ ಎಂಬುದನ್ನು ಆ ದೇಶದ ಒಕ್ಕೂಟ ಸರ್ಕಾರದ ಶಿಕ್ಷಣ ಇಲಾಖೆಯು ನಿಯತವಾಗಿ ಸಂಗ್ರಹಿಸಿ ಪ್ರಕಟಿಸುತ್ತದೆ. 2013–14ನೇ ಶೈಕ್ಷಣಿಕ ವರ್ಷದ ಲೆಕ್ಕದಂತೆ ಸುಮಾರು 33 ಲಕ್ಷ ವಿದ್ಯಾರ್ಥಿಗಳು, ಅಂದರೆ ಒಟ್ಟು ದಾಖಲಾತಿಯ ಶೇಕಡಾ 6.7ರಷ್ಟು ಮಕ್ಕಳು, ಪ್ರತಿಭಾನ್ವಿತರಿಗಾಗಿ ಇರುವ ವಿಶೇಷ ಕಾರ್ಯಕ್ರಮಗಳಲ್ಲಿದ್ದರು. ಈ ಪ್ರಮಾಣ ರಾಜ್ಯದಿಂದ ರಾಜ್ಯಕ್ಕೆ ಬಹಳ ಬದಲಾಗುತ್ತದೆ. ಮೇರಿಲ್ಯಾಂಡ್ ರಾಜ್ಯದಲ್ಲಿ ಅದು ಶೇಕಡಾ 16ರ ಆಸುಪಾಸಿನಲ್ಲಿದ್ದರೆ ಮ್ಯಾಸಚೂಸೆಟ್ಸ್ ಮತ್ತು ವರ್ಮಾಂಟ್ ರಾಜ್ಯಗಳಲ್ಲಿ ಶೇಕಡಾ 1ಕ್ಕಿಂತಲೂ ಕಡಿಮೆ ಇದೆ.

ಮಕ್ಕಳ ಸಾಮರ್ಥ್ಯದಲ್ಲಿ ಇಷ್ಟು ದೊಡ್ಡ ಪ್ರಾದೇಶಿಕ ಅಂತರ ಇರಲಾರದು. ಆದ್ದರಿಂದ ಈ ಅಂಕಿಅಂಶ ಪ್ರತಿಭೆಯ ಹಂಚಿಕೆಗಿಂತ ಹೆಚ್ಚಾಗಿ ಆಯಾ ರಾಜ್ಯದ ಕಾನೂನು, ಅನುದಾನದ ಪದ್ಧತಿ, ಪರೀಕ್ಷೆಯ ಗಡಿ ಅಂಕ ಮತ್ತು ಯಾವ ಮಕ್ಕಳನ್ನು ಪರೀಕ್ಷೆಗೆ ಕೂರಿಸಲಾಯಿತು ಎಂಬುದನ್ನು ಸೂಚಿಸುತ್ತದೆ ಎಂಬುದು ಶಿಕ್ಷಣ ಸಂಶೋಧಕರ ಸಾಮಾನ್ಯ ಅಭಿಪ್ರಾಯ. ವಿಶೇಷ ತರಗತಿಗೆ ಯಾವ ಮಗುವಿಗೆ ಪ್ರವೇಶ ಸಿಗುತ್ತದೆ ಎಂಬ ಪ್ರಶ್ನೆ ಇದರೊಡನೆ ಬೆಸೆದುಕೊಂಡಿರುವುದರಿಂದ ಎಣಿಕೆಯ ವಿಧಾನ ಅಮೆರಿಕದಲ್ಲಿ ದೀರ್ಘಕಾಲದ ವಿವಾದಕ್ಕೆ ಕಾರಣವಾಗಿದೆ.

ಪದಗಳ ಅರ್ಥ

ಭಾರತದಲ್ಲಿ ‘ಪಬ್ಲಿಕ್ ಸ್ಕೂಲ್’ ಎಂಬ ಹೆಸರು ಬಹುಮಟ್ಟಿಗೆ ಖಾಸಗಿ ಶಾಲೆಗಳಿಗೆ ಅಂಟಿಕೊಂಡಿದೆ. ಅಮೆರಿಕದಲ್ಲಿ ಇದರ ಅರ್ಥ ತೆರಿಗೆಯ ಹಣದಿಂದ ನಡೆಯುವ, ಶುಲ್ಕವಿಲ್ಲದ ಶಾಲೆ. ಸರ್ಕಾರಿ ಹಣದಲ್ಲಿ ಸ್ವಾಯತ್ತವಾಗಿ ನಡೆಯುವ ಚಾರ್ಟರ್ ಶಾಲೆಗಳೂ ಇದರಲ್ಲಿ ಸೇರುತ್ತವೆ. ಖಾಸಗಿ ಶಾಲೆಯ ಮಕ್ಕಳು ಮತ್ತು ಮನೆಯಲ್ಲೇ ಕಲಿಯುವ ಮಕ್ಕಳು ಈ ಎಣಿಕೆಯ ಹೊರಗಿದ್ದಾರೆ. ಶಾಲೆಗಳ ಆಡಳಿತ ನಡೆಸುವ ಸ್ಥಳೀಯ ಘಟಕವನ್ನು ‘ಶಾಲಾ ಜಿಲ್ಲೆ’ ಎನ್ನುತ್ತಾರೆ. ಇದು ಕಂದಾಯ ಜಿಲ್ಲೆಯಂತಹುದಲ್ಲ. ಒಂದು ಪಟ್ಟಣಕ್ಕೆ ಮಾತ್ರ ಸೀಮಿತವಾದ ಶಾಲಾ ಜಿಲ್ಲೆಯೂ ಉಂಟು, ಇಡೀ ನ್ಯೂಯಾರ್ಕ್ ನಗರವನ್ನು ಒಳಗೊಂಡ ವ್ಯವಸ್ಥೆಯೂ ಉಂಟು.

‘ಗಿಫ್ಟೆಡ್’ ಎಂಬ ಪದಕ್ಕೆ ಕನ್ನಡದಲ್ಲಿ ಪ್ರತಿಭಾನ್ವಿತ ಎಂಬ ಪದ ಬಳಕೆಯಲ್ಲಿದೆ. ಒಕ್ಕೂಟದ ಕಾನೂನಿನ ವ್ಯಾಖ್ಯೆಯ ಪ್ರಕಾರ ಬೌದ್ಧಿಕ, ಸೃಜನಾತ್ಮಕ, ಕಲಾತ್ಮಕ ಅಥವಾ ನಾಯಕತ್ವದ ಕ್ಷೇತ್ರದಲ್ಲಿ, ಇಲ್ಲವೇ ನಿರ್ದಿಷ್ಟ ಪಠ್ಯವಿಷಯವೊಂದರಲ್ಲಿ ಉನ್ನತ ಸಾಧನೆಯ ಸಾಮರ್ಥ್ಯವನ್ನು ತೋರುವ, ಹಾಗೂ ಅದು ಪೂರ್ಣವಾಗಿ ಅರಳಬೇಕಾದರೆ ಶಾಲೆ ಸಾಮಾನ್ಯವಾಗಿ ಒದಗಿಸದ ಸೇವೆಗಳ ಅಗತ್ಯವುಳ್ಳ ಮಕ್ಕಳು ಪ್ರತಿಭಾನ್ವಿತರು. ಈ ವ್ಯಾಖ್ಯೆಯಲ್ಲಿ ಯಾವ ಅಂಕವೂ ಇಲ್ಲ, ಯಾವ ಪರೀಕ್ಷೆಯ ಹೆಸರೂ ಇಲ್ಲ. ರಾಜ್ಯಗಳು ಇದನ್ನೇ ಪಾಲಿಸಬೇಕೆಂಬ ಕಡ್ಡಾಯವೂ ಇಲ್ಲ. ಮುಂದೆ ವಿವರಿಸಲಾದ ಬಹುತೇಕ ಗೊಂದಲಗಳು ಇಲ್ಲಿಂದಲೇ ಹುಟ್ಟಿಕೊಂಡಿವೆ.

ಹಿನ್ನೆಲೆ

ಮಕ್ಕಳ ಬುದ್ಧಿಯನ್ನು ಅಂಕದಲ್ಲಿ ಅಳೆಯುವ ಮೊದಲ ಉಪಯುಕ್ತ ಪರೀಕ್ಷೆಯನ್ನು ಫ್ರಾನ್ಸಿನ ಆಲ್ಫ್ರೆಡ್ ಬಿನೆ ಮತ್ತು ತಿಯೊಡೊರ್ ಸಿಮೊ 1905ರಲ್ಲಿ ರೂಪಿಸಿದರು. ಕಲಿಕೆಯಲ್ಲಿ ಹಿಂದುಳಿದ ಮಕ್ಕಳನ್ನು ಗುರುತಿಸಿ ಅವರಿಗೆ ನೆರವಾಗುವುದು ಅದರ ಉದ್ದೇಶವಾಗಿತ್ತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಲೂಯಿಸ್ ಟರ್ಮನ್ ಅದನ್ನು ಪರಿಷ್ಕರಿಸಿ 1916ರಲ್ಲಿ ಸ್ಟ್ಯಾನ್‌ಫರ್ಡ್–ಬಿನೆ ಪರೀಕ್ಷೆಯಾಗಿ ಪ್ರಕಟಿಸಿದರು ಮತ್ತು ಅದನ್ನು ಏಣಿಯ ಇನ್ನೊಂದು ತುದಿಯ ಮಕ್ಕಳನ್ನು ಹುಡುಕಲು ಬಳಸಿದರು. 1921ರಲ್ಲಿ ಆರಂಭವಾದ ಅವರ ಅಧ್ಯಯನಕ್ಕೆ ಕ್ಯಾಲಿಫೋರ್ನಿಯಾದ ಸುಮಾರು 1,500 ಮಕ್ಕಳು ಆಯ್ಕೆಯಾದರು. ಎಲ್ಲ ಮಕ್ಕಳನ್ನೂ ಪರೀಕ್ಷಿಸುವ ಬದಲು ಮೊದಲು ಶಿಕ್ಷಕರಿಂದ ಹೆಸರುಗಳನ್ನು ಪಡೆದು, ಬಳಿಕ ಅವರಿಗೆ ಪರೀಕ್ಷೆ ನಡೆಸುವುದು ಟರ್ಮನ್ ಅನುಸರಿಸಿದ ಕ್ರಮ. ಮುಂದೆ ಭೌತಶಾಸ್ತ್ರದಲ್ಲಿ ನೊಬೆಲ್ ಪ್ರಶಸ್ತಿ ಪಡೆದ ವಿಲಿಯಂ ಶಾಕ್ಲೆ ಮತ್ತು ಲೂಯಿಸ್ ಆಲ್ವರೆಜ್ ಬಾಲ್ಯದಲ್ಲಿ ಈ ಪರೀಕ್ಷೆಗೆ ಕುಳಿತು ಆಯ್ಕೆಯಾಗಲಿಲ್ಲ ಎಂಬುದು ಈ ವಿಷಯದ ಚರ್ಚೆಗಳಲ್ಲಿ ಮತ್ತೆ ಮತ್ತೆ ಉಲ್ಲೇಖವಾಗುವ ಸಂಗತಿ. ಶಿಕ್ಷಕರ ಶಿಫಾರಸು ಮೊದಲು, ಪರೀಕ್ಷೆ ಆಮೇಲೆ ಎಂಬ ಆ ಕ್ರಮ ನೂರು ವರ್ಷಗಳ ನಂತರವೂ ಅನೇಕ ಶಾಲಾ ಜಿಲ್ಲೆಗಳಲ್ಲಿ ಮುಂದುವರಿದಿದೆ.

1957ರಲ್ಲಿ ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಉಪಗ್ರಹವನ್ನು ಹಾರಿಸಿದ ಮೇಲೆ ಅಮೆರಿಕದಲ್ಲಿ ವಿಜ್ಞಾನ ಮತ್ತು ಗಣಿತ ಶಿಕ್ಷಣದ ಬಗ್ಗೆ ಆತಂಕ ಮೂಡಿ, 1958ರಲ್ಲಿ ರಾಷ್ಟ್ರೀಯ ರಕ್ಷಣಾ ಶಿಕ್ಷಣ ಕಾಯಿದೆ ಜಾರಿಗೆ ಬಂದಿತು. ಪ್ರತಿಭಾನ್ವಿತರ ಎಣಿಕೆಗೆ ಸಂಬಂಧಿಸಿದಂತೆ ಅದಕ್ಕಿಂತ ಮುಖ್ಯವಾದುದು 1972ರ ಮಾರ್ಲೆಂಡ್ ವರದಿ. ಅಂದಿನ ಶಿಕ್ಷಣ ಆಯುಕ್ತ ಸಿಡ್ನಿ ಮಾರ್ಲೆಂಡ್ ಅಮೆರಿಕದ ಕಾಂಗ್ರೆಸ್ಸಿಗೆ ಸಲ್ಲಿಸಿದ ಈ ವರದಿ ಸಾಮಾನ್ಯ ಬೌದ್ಧಿಕ ಶಕ್ತಿ, ನಿರ್ದಿಷ್ಟ ವಿಷಯದಲ್ಲಿನ ಅಭಿಕ್ಷಮತೆ, ಸೃಜನಶೀಲ ಚಿಂತನೆ, ನಾಯಕತ್ವ, ದೃಶ್ಯ ಮತ್ತು ಪ್ರದರ್ಶನ ಕಲೆ, ಮನೋದೈಹಿಕ ಸಾಮರ್ಥ್ಯ ಎಂಬ ಆರು ಕ್ಷೇತ್ರಗಳನ್ನು ಹೆಸರಿಸಿತು. ಶಾಲಾ ಮಕ್ಕಳಲ್ಲಿ ಕನಿಷ್ಠ ಶೇಕಡಾ 3ರಿಂದ 5ರಷ್ಟು ಮಂದಿ ಪ್ರತಿಭಾನ್ವಿತರೆಂದು ಭಾವಿಸಬಹುದು ಎಂದೂ ಹೇಳಿತು. ಈ ಶೇಕಡಾವಾರು ಪ್ರಮಾಣ ಮಕ್ಕಳನ್ನು ಎಣಿಸಿ ಕಂಡುಕೊಂಡದ್ದಲ್ಲ, ಒಂದು ಅಂದಾಜು. ಆದರೂ ಹಲವು ರಾಜ್ಯಗಳ ನಿಯಮಗಳಲ್ಲಿ ಅದು ಮಿತಿಯಾಗಿ ಉಳಿದುಬಿಟ್ಟಿತು. 1988ರ ಜೇಕಬ್ ಜೇವಿಟ್ಸ್ ಕಾಯಿದೆ ಸಂಶೋಧನೆ ಮತ್ತು ಮಾದರಿ ಯೋಜನೆಗಳಿಗೆ ಹಣ ಒದಗಿಸಿತೇ ಹೊರತು ಪ್ರತಿಭಾನ್ವಿತರನ್ನು ಗುರುತಿಸಬೇಕೆಂದು ಯಾವ ರಾಜ್ಯವನ್ನೂ ಕಟ್ಟುಪಾಡಿಗೆ ಒಳಪಡಿಸಲಿಲ್ಲ. ಅಂಗವೈಕಲ್ಯವುಳ್ಳ ಮಕ್ಕಳಿಗೆ ಒಕ್ಕೂಟದ ಕಾನೂನು ನೀಡುವ ಹಕ್ಕಿನಂತಹುದು ಪ್ರತಿಭಾನ್ವಿತರಿಗೆ ಇಲ್ಲ.

ದತ್ತಾಂಶದ ಮೂಲ

ರಾಷ್ಟ್ರಮಟ್ಟದ ಅಂಕಿಅಂಶಗಳ ಮುಖ್ಯ ಆಕರ ‘ನಾಗರಿಕ ಹಕ್ಕುಗಳ ದತ್ತಾಂಶ ಸಂಗ್ರಹ’. ಶಿಕ್ಷಣ ಇಲಾಖೆಯ ನಾಗರಿಕ ಹಕ್ಕುಗಳ ಕಚೇರಿ ಇದನ್ನು ನಡೆಸುತ್ತದೆ. ಇದು 1968ರಲ್ಲಿ ಆರಂಭವಾಯಿತು. ಸಾಮಾನ್ಯವಾಗಿ ಎರಡು ವರ್ಷಗಳಿಗೊಮ್ಮೆ ನಡೆಯುತ್ತದೆ. ಇದರ ಮೂಲ ಉದ್ದೇಶ ಪ್ರತಿಭೆಯ ಅಧ್ಯಯನವಲ್ಲ. 1964ರ ನಾಗರಿಕ ಹಕ್ಕುಗಳ ಕಾಯಿದೆ ಹಾಗೂ ಅದರ ನಂತರದ ಕಾನೂನುಗಳನ್ನು ಶಾಲೆಗಳು ಪಾಲಿಸುತ್ತಿವೆಯೇ, ಜನಾಂಗ, ಲಿಂಗ ಅಥವಾ ಅಂಗವೈಕಲ್ಯದ ಆಧಾರದಲ್ಲಿ ತಾರತಮ್ಯ ನಡೆಯುತ್ತಿದೆಯೇ ಎಂದು ಪರಿಶೀಲಿಸಲು ಈ ಮಾಹಿತಿ ಬೇಕಾಯಿತು. ಶಿಸ್ತುಕ್ರಮ, ಶಾಲೆಯಿಂದ ಹೊರಹಾಕುವಿಕೆ, ಉನ್ನತ ಗಣಿತದ ತರಗತಿಗಳ ಲಭ್ಯತೆ ಮೊದಲಾದ ಹತ್ತಾರು ವಿಷಯಗಳ ನಡುವೆ ಪ್ರತಿಭಾನ್ವಿತರ ಕಾರ್ಯಕ್ರಮವೂ ಒಂದು.

ಪ್ರತಿ ಶಾಲೆಯೂ ಮೊದಲು ತನ್ನಲ್ಲಿ ಇಂತಹ ಕಾರ್ಯಕ್ರಮ ಇದೆಯೇ ಎಂಬ ಪ್ರಶ್ನೆಗೆ ಉತ್ತರಿಸಬೇಕು. ಇದ್ದರೆ ಅದರಲ್ಲಿರುವ ಮಕ್ಕಳ ಸಂಖ್ಯೆಯನ್ನು ಜನಾಂಗ ಮತ್ತು ಲಿಂಗದ ಪ್ರಕಾರ ವಿಂಗಡಿಸಿ ಕೊಡಬೇಕು. ಇಂಗ್ಲಿಷ್ ಕಲಿಯುತ್ತಿರುವ ಮಕ್ಕಳು ಮತ್ತು ಅಂಗವೈಕಲ್ಯವುಳ್ಳ ಮಕ್ಕಳು ಎಷ್ಟು ಮಂದಿ ಎಂಬುದನ್ನೂ ತಿಳಿಸಬೇಕು. ಹಲವು ಸುತ್ತುಗಳಲ್ಲಿ ಆಯ್ದ ಶಾಲಾ ಜಿಲ್ಲೆಗಳಿಂದ ಮಾತ್ರ ಮಾಹಿತಿ ಪಡೆದು ದೇಶದ ಮೊತ್ತವನ್ನು ಅಂದಾಜು ಮಾಡಲಾಗುತ್ತಿತ್ತು. 2011–12ರಿಂದ ಎಲ್ಲ ಸಾರ್ವಜನಿಕ ಶಾಲೆಗಳೂ ಮಾಹಿತಿ ನೀಡುವ ಪದ್ಧತಿ ನಡೆದುಬಂದಿದೆ. ಇದೇ ಅಂಕಿಗಳನ್ನು ರಾಷ್ಟ್ರೀಯ ಶಿಕ್ಷಣ ಅಂಕಿಅಂಶ ಕೇಂದ್ರವು ತನ್ನ ವಾರ್ಷಿಕ ಸಂಕಲನದಲ್ಲಿ ರಾಜ್ಯವಾರು ಕೋಷ್ಟಕಗಳಾಗಿ ಪ್ರಕಟಿಸುತ್ತದೆ.

ಗುರುತಿಸುವಿಕೆ ಮತ್ತು ದಾಖಲಾತಿ

ಪತ್ರಿಕೆಗಳಲ್ಲಿ ‘ಪ್ರತಿಭಾನ್ವಿತರೆಂದು ಗುರುತಿಸಲಾದ’ ಮಕ್ಕಳ ಸಂಖ್ಯೆ ಎಂದು ಬರುವ ಅಂಕಿಯು ವಾಸ್ತವವಾಗಿ ಕಾರ್ಯಕ್ರಮಗಳಿಗೆ ‘ದಾಖಲಾದ’ ಮಕ್ಕಳ ಸಂಖ್ಯೆ. ಇವೆರಡೂ ಒಂದೇ ಅಲ್ಲ. ಒಹಾಯೊ ರಾಜ್ಯ ಇದಕ್ಕೆ ಸ್ಪಷ್ಟ ನಿದರ್ಶನ. ಅಲ್ಲಿನ ಕಾನೂನಿನ ಪ್ರಕಾರ ಪ್ರತಿ ಶಾಲಾ ಜಿಲ್ಲೆಯೂ ಪ್ರತಿಭಾನ್ವಿತರನ್ನು ಗುರುತಿಸಲೇಬೇಕು, ಆದರೆ ಗುರುತಿಸಿದ ಮಗುವಿಗೆ ವಿಶೇಷ ಬೋಧನೆ ನೀಡಲೇಬೇಕೆಂಬ ನಿಯಮವಿಲ್ಲ. ಹೀಗಾಗಿ ಪ್ರತಿಭಾನ್ವಿತ ಎಂಬ ಪತ್ರ ಮನೆಗೆ ಬಂದರೂ ಶಾಲೆಯಲ್ಲಿ ಏನೂ ಬದಲಾಗದ ಮಗು ರಾಜ್ಯದ ಲೆಕ್ಕದಲ್ಲಿದ್ದು ಒಕ್ಕೂಟದ ಲೆಕ್ಕದಲ್ಲಿ ಇಲ್ಲದಿರಬಹುದು.

ಎಣಿಕೆ ನಡೆಯುವ ಕಾಲವೂ ಮುಖ್ಯ. ದಾಖಲಾತಿಯನ್ನು ಅಕ್ಟೋಬರ್ 1ರ ಸುಮಾರಿನ ಒಂದು ನಿಗದಿತ ದಿನಕ್ಕೆ ಅನ್ವಯಿಸಿ ವರದಿ ಮಾಡಲಾಗುತ್ತದೆ; ಚಳಿಗಾಲದಲ್ಲಿ ಪರೀಕ್ಷೆ ಬರೆದು ವಸಂತದಲ್ಲಿ ಆಯ್ಕೆಯಾದ ಮಗು ಆ ವರ್ಷದ ಎಣಿಕೆಯಲ್ಲಿ ಸೇರುವುದಿಲ್ಲ. ಅನೇಕ ಕಡೆ ಎರಡನೇ ಅಥವಾ ಮೂರನೇ ತರಗತಿಯಲ್ಲಿ ಪರೀಕ್ಷೆ ನಡೆಯುವುದರಿಂದ ಅದಕ್ಕಿಂತ ಚಿಕ್ಕ ಮಕ್ಕಳು ಲೆಕ್ಕಕ್ಕೆ ಬರುವುದಿಲ್ಲ. ಪ್ರೌಢಶಾಲೆಯಲ್ಲಿ ಪ್ರತಿಭಾನ್ವಿತರ ಪ್ರತ್ಯೇಕ ಕಾರ್ಯಕ್ರಮದ ಬದಲು ಕಾಲೇಜು ಮಟ್ಟದ ಪಠ್ಯಗಳನ್ನು ಆರಿಸಿಕೊಳ್ಳುವ ಅವಕಾಶ ಇರುತ್ತದೆ. ಆದರೆ ಶೇಕಡಾವಾರು ತೆಗೆಯುವಾಗ ಶಿಶುವಿಹಾರದಿಂದ ಹನ್ನೆರಡನೇ ತರಗತಿಯವರೆಗಿನ ಎಲ್ಲ ಮಕ್ಕಳನ್ನೂ ಒಟ್ಟಿಗೆ ತೆಗೆದುಕೊಳ್ಳಲಾಗುತ್ತದೆ. ನಡುವಿನ ತರಗತಿಗಳಲ್ಲಿನ ನಿಜವಾದ ಪ್ರಮಾಣ ಪ್ರಕಟಿತ ಸರಾಸರಿಗಿಂತ ಹೆಚ್ಚಿರುವುದು ಈ ಕಾರಣದಿಂದ.

ಯಾವ ಮೊತ್ತದಿಂದ ಭಾಗಿಸಲಾಗಿದೆ ಎಂಬುದು ಇನ್ನೊಂದು ತೊಡಕು. ತಲಾ 500 ಮಕ್ಕಳ 10 ಶಾಲೆಗಳಿರುವ ಒಂದು ಶಾಲಾ ಜಿಲ್ಲೆಯನ್ನು ಊಹಿಸಿಕೊಂಡರೆ, ಅದರ 4 ಶಾಲೆಗಳಲ್ಲಿ ಮಾತ್ರ ಕಾರ್ಯಕ್ರಮವಿದ್ದು ಪ್ರತಿಯೊಂದರಲ್ಲಿ 60 ಮಕ್ಕಳಿದ್ದರೆ ಒಟ್ಟು 240 ಮಕ್ಕಳಾಗುತ್ತಾರೆ. ಜಿಲ್ಲೆಯ 5,000 ಮಕ್ಕಳಿಗೆ ಹೋಲಿಸಿದರೆ ಇದು ಶೇಕಡಾ 4.8, ಕಾರ್ಯಕ್ರಮವಿರುವ ಶಾಲೆಗಳ 2,000 ಮಕ್ಕಳಿಗೆ ಹೋಲಿಸಿದರೆ ಶೇಕಡಾ 12. ಫೋರ್ಡಮ್ ಸಂಸ್ಥೆ 2018ರಲ್ಲಿ ಪ್ರಕಟಿಸಿದ ವರದಿಯೊಂದು ಎರಡನೆಯ ಬಗೆಯ ಲೆಕ್ಕವನ್ನು ಬಳಸಿ, ಕಾರ್ಯಕ್ರಮವಿರುವ ಪ್ರಾಥಮಿಕ ಮತ್ತು ಮಾಧ್ಯಮಿಕ ಶಾಲೆಗಳಲ್ಲಿ ಬಡತನ ಕಡಿಮೆ ಇರುವೆಡೆ ಶೇಕಡಾ 12.4ರಷ್ಟು, ಬಡತನ ಹೆಚ್ಚಿರುವೆಡೆ ಶೇಕಡಾ 6.1ರಷ್ಟು ಮಕ್ಕಳು ಭಾಗವಹಿಸುತ್ತಿದ್ದಾರೆಂದು ತೋರಿಸಿತು. ಬಡ ಶಾಲೆಗಳಲ್ಲಿ ಕಾರ್ಯಕ್ರಮವೇ ಇರುವುದಿಲ್ಲ ಎಂಬ ಸಾಮಾನ್ಯ ನಂಬಿಕೆ ಈ ವರದಿಯಲ್ಲಿ ನಿಲ್ಲಲಿಲ್ಲ. ಕಾರ್ಯಕ್ರಮ ಎರಡೂ ಕಡೆ ಇತ್ತು. ಅದರೊಳಗೆ ಸೇರಿದ ಮಕ್ಕಳ ಪ್ರಮಾಣದಲ್ಲಿ ಮಾತ್ರ ಎರಡು ಪಟ್ಟು ಅಂತರವಿತ್ತು.

ರಾಜ್ಯಗಳ ನಡುವಿನ ಅಂತರ

ಮ್ಯಾಸಚೂಸೆಟ್ಸ್ ಅಮೆರಿಕದ ಅತ್ಯುತ್ತಮ ಶಾಲಾ ವ್ಯವಸ್ಥೆಗಳಲ್ಲಿ ಒಂದೆಂದು ಹೆಸರಾದ ರಾಜ್ಯ. ಆದರೂ ಎಣಿಕೆಯಲ್ಲಿ ಅದು ತಳದಲ್ಲಿದೆ, ಏಕೆಂದರೆ ಪ್ರತಿಭಾನ್ವಿತರನ್ನು ಗುರುತಿಸಬೇಕೆಂದು ಆ ರಾಜ್ಯ ಶಾಲೆಗಳಿಗೆ ವಿಧಿಸಿಲ್ಲ. ಮೇರಿಲ್ಯಾಂಡ್‌ನ ದೊಡ್ಡ ಶಾಲಾ ಜಿಲ್ಲೆಗಳಲ್ಲಿ ಒಂದಾದ ಮಾಂಟ್ಗೊಮರಿ ಕೌಂಟಿಯಲ್ಲಿ ಎರಡನೇ ತರಗತಿಯ ಎಲ್ಲ ಮಕ್ಕಳನ್ನೂ ಪರೀಕ್ಷಿಸುವ ಪದ್ಧತಿ ಇತ್ತು. 2008ರ ವೇಳೆಗೆ ಅಲ್ಲಿ ಸುಮಾರು ಶೇಕಡಾ 40ರಷ್ಟು ಮಕ್ಕಳಿಗೆ ಪ್ರತಿಭಾನ್ವಿತ ಎಂಬ ಗುರುತು ದೊರೆತಿತ್ತು. ಹತ್ತರಲ್ಲಿ ನಾಲ್ವರಿಗೆ ಅನ್ವಯಿಸುವ ವಿಶೇಷಣಕ್ಕೆ ಅರ್ಥವೇನು ಎಂಬ ಪ್ರಶ್ನೆ ಎದ್ದು, ಆ ಹೆಸರನ್ನೇ ಕೈಬಿಡುವ ಬಗ್ಗೆ ಅಲ್ಲಿ ಚರ್ಚೆ ನಡೆಯಿತು.

ಹಣದ ಲೆಕ್ಕವೂ ಮಕ್ಕಳ ಲೆಕ್ಕವನ್ನು ನಿರ್ಧರಿಸುತ್ತದೆ. ಟೆಕ್ಸಾಸ್ ರಾಜ್ಯವು ಪ್ರತಿಭಾನ್ವಿತರಿಗಾಗಿ ನೀಡುತ್ತಿದ್ದ ವಿಶೇಷ ಅನುದಾನ ಶಾಲಾ ಜಿಲ್ಲೆಯ ಹಾಜರಾತಿಯ ಶೇಕಡಾ 5ರಷ್ಟು ಮಕ್ಕಳಿಗೆ ಮಾತ್ರ ಸೀಮಿತವಾಗಿತ್ತು. ಅದಕ್ಕಿಂತ ಹೆಚ್ಚು ಮಕ್ಕಳನ್ನು ಗುರುತಿಸಲು ಅಡ್ಡಿಯಿಲ್ಲದಿದ್ದರೂ ಅವರ ಖರ್ಚನ್ನು ಜಿಲ್ಲೆಯೇ ಹೊರಬೇಕಾಗಿತ್ತು. ಕ್ಯಾಲಿಫೋರ್ನಿಯಾದಲ್ಲಿ ಪ್ರತಿಭಾನ್ವಿತರಿಗೆಂದೇ ಮೀಸಲಾಗಿದ್ದ ಹಣವನ್ನು 2013ರ ಸುಧಾರಣೆಯಲ್ಲಿ ಸಾಮಾನ್ಯ ಅನುದಾನದೊಳಗೆ ವಿಲೀನಗೊಳಿಸಲಾಯಿತು. ಫ್ಲಾರಿಡಾ ಮತ್ತು ಪೆನ್ಸಿಲ್ವೇನಿಯಾ ರಾಜ್ಯಗಳ ನಿಯಮಗಳು ಬುದ್ಧಿಸೂಚ್ಯಂಕ ಅಥವಾ ಐ.ಕ್ಯೂ. 130ನ್ನು ಪ್ರಮುಖ ಅಳತೆಗೋಲಾಗಿ ಇರಿಸಿಕೊಂಡಿವೆ. ಜಾರ್ಜಿಯಾ 1990ರ ದಶಕದಲ್ಲಿ ಒಂದೇ ಅಂಕದ ಪದ್ಧತಿಯನ್ನು ಬಿಟ್ಟು ಮಾನಸಿಕ ಸಾಮರ್ಥ್ಯ, ಕಲಿಕೆಯ ಸಾಧನೆ, ಸೃಜನಶೀಲತೆ, ಪ್ರೇರಣೆ ಎಂಬ ನಾಲ್ಕು ಅಂಶಗಳನ್ನು ಪರಿಗಣಿಸುವ ಕ್ರಮಕ್ಕೆ ಬದಲಾಯಿತು. ಕುಟುಂಬವೊಂದು ರಾಜ್ಯದ ಗಡಿ ದಾಟಿ ವಾಸ ಬದಲಿಸಿದರೆ ಮಗು ಪ್ರತಿಭಾನ್ವಿತ ಎಂಬ ಗುರುತನ್ನು ಕಳೆದುಕೊಳ್ಳಬಹುದು ಅಥವಾ ಹೊಸದಾಗಿ ಪಡೆಯಬಹುದು.

ಗಡಿ ಅಂಕದ ಗಣಿತ

ಬುದ್ಧಿಸೂಚ್ಯಂಕದ ಪರೀಕ್ಷೆಗಳನ್ನು ಸರಾಸರಿ 100, ಮಾನಕ ವಿಚಲನೆ 15 ಬರುವಂತೆ ಹೊಂದಿಸಲಾಗಿರುತ್ತದೆ. ಅಂಕಗಳು ಗಂಟೆಯಾಕಾರದ ವಕ್ರರೇಖೆಯಂತೆ ಹರಡಿಕೊಂಡಿವೆ ಎಂದು ಭಾವಿಸಿದರೆ 10,000 ಮಕ್ಕಳಲ್ಲಿ 130 ಅಥವಾ ಅದಕ್ಕಿಂತ ಹೆಚ್ಚು ಅಂಕ ಪಡೆಯುವವರು ಸುಮಾರು 228 ಮಂದಿ. ಗಡಿಯನ್ನು 125ಕ್ಕೆ ಇಳಿಸಿದರೆ ಆ ಸಂಖ್ಯೆ ಸುಮಾರು 478 ಆಗುತ್ತದೆ. 120ಕ್ಕೆ ಇಳಿಸಿದರೆ ಸುಮಾರು 912. ಹತ್ತು ಅಂಕಗಳ ಇಳಿಕೆಯಿಂದ ಪ್ರತಿಭಾನ್ವಿತರ ಸಂಖ್ಯೆ ನಾಲ್ಕು ಪಟ್ಟಾಗುತ್ತದೆ. ಪರೀಕ್ಷೆಯೂ ನಿಖರವಾದ ತಕ್ಕಡಿಯಲ್ಲ. ಉತ್ತಮ ಪರೀಕ್ಷೆಯಲ್ಲಿಯೂ ಒಂದು ಮಗುವಿನ ಅಂಕದಲ್ಲಿ ನಾಲ್ಕೈದು ಅಂಕಗಳಷ್ಟು ಮಾಪನ ದೋಷ ಸಹಜ. ಇಂದು 128 ಪಡೆದ ಮಗು ಮುಂದಿನ ತಿಂಗಳು 131 ಪಡೆದರೆ ಅದು ಮಗುವಿನಲ್ಲಿ ಆದ ಬದಲಾವಣೆ ಎನ್ನಲಾಗದು.

ಒಂದಕ್ಕಿಂತ ಹೆಚ್ಚು ಅಳತೆಗಳನ್ನು ಬಳಸಿದರೆ ನ್ಯಾಯ ಹೆಚ್ಚುತ್ತದೆ ಎಂಬ ಅಭಿಪ್ರಾಯ ವ್ಯಾಪಕವಾಗಿದೆ. ಅದು ಅಳತೆಗಳನ್ನು ಜೋಡಿಸುವ ರೀತಿಯನ್ನು ಅವಲಂಬಿಸಿದೆ ಎಂದು ಮ್ಯಾಥ್ಯೂ ಮೆಕ್‌ಬೀ, ಸ್ಕಾಟ್ ಪೀಟರ್ಸ್ ಮತ್ತು ಕ್ರೇಗ್ ವಾಟರ್‌ಮನ್ 2014ರ ತಮ್ಮ ಲೇಖನದಲ್ಲಿ ತೋರಿಸಿಕೊಟ್ಟರು. ಉದಾಹರಣೆಗೆ, ಎರಡು ಪರೀಕ್ಷೆಗಳಲ್ಲಿ ತಲಾ ಮೇಲಿನ ಶೇಕಡಾ 10ರೊಳಗೆ ಬರಬೇಕೆಂಬ ನಿಯಮವಿದೆ ಎಂದುಕೊಳ್ಳಬಹುದು. ‘ಎರಡರಲ್ಲೂ’ ಬರಬೇಕೆಂದರೆ 10,000 ಮಕ್ಕಳಲ್ಲಿ ಆಯ್ಕೆಯಾಗುವವರು 100ರಿಂದ 1,000ದ ನಡುವೆ ಇರುತ್ತಾರೆ. ‘ಎರಡರಲ್ಲಿ ಒಂದರಲ್ಲಿ’ ಸಾಕೆಂದರೆ 1,000ದಿಂದ 1,900ರ ನಡುವೆ ಇರುತ್ತಾರೆ. ನಿಖರ ಸಂಖ್ಯೆ ಆ ಎರಡು ಪರೀಕ್ಷೆಗಳ ಅಂಕಗಳು ಪರಸ್ಪರ ಎಷ್ಟು ಹೊಂದಿಕೊಳ್ಳುತ್ತವೆ ಎಂಬುದರ ಮೇಲೆ ನಿಲ್ಲುತ್ತದೆ. ಹೊರಗಿನಿಂದ ನೋಡುವವರಿಗೆ ಎರಡೂ ‘ಬಹು ಮಾನದಂಡ’ದ ಪದ್ಧತಿಗಳೇ. ಮೊದಲನೆಯ ಪದ್ಧತಿಯಲ್ಲಿ ಪ್ರತಿ ಹೊಸ ಪರೀಕ್ಷೆಯೂ ಇನ್ನೊಂದು ಅಡ್ಡಗೋಡೆ. ಎರಡನೆಯದರಲ್ಲಿ ಇನ್ನೊಂದು ಬಾಗಿಲು.

ಪ್ರಾತಿನಿಧ್ಯ

2013–14ರಲ್ಲಿ ಕಾರ್ಯಕ್ರಮಗಳಲ್ಲಿದ್ದ ಮಕ್ಕಳ ಪ್ರಮಾಣ ಏಷ್ಯನ್ ಮೂಲದವರಲ್ಲಿ ಶೇಕಡಾ 13.3, ಬಿಳಿಯರಲ್ಲಿ 7.7, ಹಿಸ್ಪಾನಿಕ್ ಮಕ್ಕಳಲ್ಲಿ 4.9, ಕಪ್ಪು ಜನಾಂಗದವರಲ್ಲಿ 4.3 ಆಗಿತ್ತು. ಇದನ್ನು ಅಳೆಯಲು ‘ಪ್ರಾತಿನಿಧ್ಯ ಸೂಚ್ಯಂಕ’ವನ್ನು ಬಳಸುತ್ತಾರೆ. ಒಂದು ಗುಂಪು ಕಾರ್ಯಕ್ರಮದಲ್ಲಿ ಹೊಂದಿರುವ ಪಾಲನ್ನು ಶಾಲೆಯಲ್ಲಿ ಹೊಂದಿರುವ ಪಾಲಿನಿಂದ ಭಾಗಿಸಿದಾಗ ಅದು ದೊರೆಯುತ್ತದೆ. ಉತ್ತರ 1 ಬಂದರೆ ಎರಡೂ ಸಮ. ನಾಗರಿಕ ಹಕ್ಕುಗಳ ಕಚೇರಿ ಅದೇ ವರ್ಷದ ದತ್ತಾಂಶದಿಂದ ತಿಳಿಸಿದಂತೆ, ಕಾರ್ಯಕ್ರಮವಿದ್ದ ಶಾಲೆಗಳ ದಾಖಲಾತಿಯಲ್ಲಿ ಕಪ್ಪು ಮತ್ತು ಹಿಸ್ಪಾನಿಕ್ ಮಕ್ಕಳು ಒಟ್ಟಾಗಿ ಶೇಕಡಾ 42ರಷ್ಟಿದ್ದರು, ಕಾರ್ಯಕ್ರಮಗಳಲ್ಲಿ ಶೇಕಡಾ 28ರಷ್ಟಿದ್ದರು, ಸೂಚ್ಯಂಕ 0.67. ಬಿಳಿಯ ಮಕ್ಕಳ ಪಾಲು ಕ್ರಮವಾಗಿ 49 ಮತ್ತು 57, ಸೂಚ್ಯಂಕ 1.16. ಇಂಗ್ಲಿಷ್ ಕಲಿಯುತ್ತಿರುವ ಮಕ್ಕಳು ಆ ಶಾಲೆಗಳಲ್ಲಿ ಶೇಕಡಾ 11ರಷ್ಟಿದ್ದರೂ ಕಾರ್ಯಕ್ರಮಗಳಲ್ಲಿ ಶೇಕಡಾ 3ನ್ನೂ ಮುಟ್ಟಿರಲಿಲ್ಲ. ಮನೆಯಲ್ಲಿ ಬೇರೆ ಭಾಷೆಯಾಡುವ ಮಗುವಿನ ಬುದ್ಧಿಯನ್ನು ಇಂಗ್ಲಿಷ್ ಪದಸಂಪತ್ತಿನ ಮೂಲಕ ಅಳೆದರೆ ಫಲಿತಾಂಶ ಬೇರೆ ಬರುವುದು ಕಷ್ಟ.

‘ಏಷ್ಯನ್’ ಎಂಬ ಒಂದೇ ಶೀರ್ಷಿಕೆಯಡಿ ಚೀನೀ, ಭಾರತೀಯ, ವಿಯೆಟ್ನಾಮೀ, ಮ್ಹಾಂಗ್ ಮೊದಲಾದ ಮೂಲದವರೆಲ್ಲರೂ ಬರುತ್ತಾರೆ. ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗ ಕುಟುಂಬಗಳ ಮಕ್ಕಳ ಎಣಿಕೆಯೂ ಇದರೊಳಗೇ ಸೇರಿಹೋಗಿದೆ. ಉನ್ನತ ಶಿಕ್ಷಣ ಪಡೆದು ಉದ್ಯೋಗ ವೀಸಾದ ಮೇಲೆ ಬಂದವರ ಮಕ್ಕಳನ್ನೂ ನಿರಾಶ್ರಿತರಾಗಿ ಬಂದವರ ಮಕ್ಕಳನ್ನೂ ಈ ಶೇಕಡಾ 13.3 ಬೇರ್ಪಡಿಸಿ ತೋರಿಸುವುದಿಲ್ಲ.

ಈ ಅಂತರಕ್ಕೆ ಪರೀಕ್ಷಾ ಅಂಕಗಳಲ್ಲಿನ ವ್ಯತ್ಯಾಸವೊಂದೇ ಕಾರಣವೇ ಎಂಬುದರ ಬಗ್ಗೆ ಸಂಶೋಧನೆಗಳು ನಡೆದಿವೆ. ಜೇಸನ್ ಗ್ರಿಸಮ್ ಮತ್ತು ಕ್ರಿಸ್ಟೋಫರ್ ರೆಡ್ಡಿಂಗ್ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಓದು ಮತ್ತು ಗಣಿತದಲ್ಲಿ ಸಮಾನ ಅಂಕ ಪಡೆದಿದ್ದರೂ ಕಪ್ಪು ಮಕ್ಕಳು ಬಿಳಿಯ ಮಕ್ಕಳಿಗಿಂತ ಕಡಿಮೆ ಪ್ರಮಾಣದಲ್ಲಿ ಆಯ್ಕೆಯಾಗುತ್ತಿದ್ದುದು ಕಂಡುಬಂದಿತು. ತರಗತಿಯ ಶಿಕ್ಷಕರೂ ಕಪ್ಪು ಜನಾಂಗದವರಾಗಿದ್ದಾಗ ಆ ಮಕ್ಕಳು ಆಯ್ಕೆಯಾಗುವ ಸಾಧ್ಯತೆ ಹೆಚ್ಚಿತ್ತು. ಇಲಿನಾಯ್ ರಾಜ್ಯದ ಯು–46 ಶಾಲಾ ಜಿಲ್ಲೆಯು ಹಿಸ್ಪಾನಿಕ್ ಮಕ್ಕಳಿಗೆ ಪ್ರತ್ಯೇಕವಾದ ಪ್ರತಿಭಾನ್ವಿತ ಕಾರ್ಯಕ್ರಮ ನಡೆಸುತ್ತಿದ್ದುದು ನ್ಯಾಯಾಲಯದ ಮೆಟ್ಟಿಲೇರಿತು. ಅದು ತಾರತಮ್ಯವೆಂದು 2013ರಲ್ಲಿ ಒಕ್ಕೂಟದ ಜಿಲ್ಲಾ ನ್ಯಾಯಾಲಯ ತೀರ್ಪಿತ್ತಿತು.

ಫ್ಲಾರಿಡಾದ ಸಾರ್ವತ್ರಿಕ ಪರೀಕ್ಷೆ

ಎಣಿಕೆಯ ವಿಧಾನ ಬದಲಾದರೆ ಎಣಿಸಲ್ಪಡುವ ಮಕ್ಕಳೂ ಬದಲಾಗುತ್ತಾರೆ ಎಂಬುದಕ್ಕೆ ಅತ್ಯಂತ ಸ್ಪಷ್ಟವಾದ ಸಾಕ್ಷ್ಯ ಫ್ಲಾರಿಡಾದ ಬ್ರೊವಾರ್ಡ್ ಕೌಂಟಿಯಿಂದ ಬಂದಿದೆ. ಇದು ದೇಶದ ಅತಿ ದೊಡ್ಡ ಶಾಲಾ ಜಿಲ್ಲೆಗಳಲ್ಲಿ ಒಂದು. ಇಲ್ಲಿನ ಅರ್ಧಕ್ಕಿಂತ ಹೆಚ್ಚು ವಿದ್ಯಾರ್ಥಿಗಳು ಕಪ್ಪು ಅಥವಾ ಹಿಸ್ಪಾನಿಕ್ ಸಮುದಾಯದವರು. ಆದರೆ 2000ದ ದಶಕದ ಮೊದಲ ಭಾಗದಲ್ಲಿ ಮೂರನೇ ತರಗತಿಯ ಪ್ರತಿಭಾನ್ವಿತರಲ್ಲಿ ಅವರ ಪಾಲು ಶೇಕಡಾ 28 ಮಾತ್ರ ಇತ್ತು. ಆಗ ಶಿಕ್ಷಕರು ಅಥವಾ ತಂದೆತಾಯಿ ಶಿಫಾರಸು ಮಾಡಿದ ಮಕ್ಕಳಿಗೆ ಮಾತ್ರ ಬುದ್ಧಿಸೂಚ್ಯಂಕದ ಪರೀಕ್ಷೆ ನಡೆಯುತ್ತಿತ್ತು. ಸರ್ಕಾರಿ ಮನೋವಿಜ್ಞಾನಿಯ ಸರದಿಗೆ ಕಾಯಲೊಲ್ಲದ ಉಳ್ಳವರು ತಾವೇ ಹಣ ತೆತ್ತು ಖಾಸಗಿಯಾಗಿ ಪರೀಕ್ಷೆ ಮಾಡಿಸಿ ವರದಿ ಒಪ್ಪಿಸುವ ಅವಕಾಶವೂ ಇತ್ತು.

2005ರಲ್ಲಿ ಈ ಶಾಲಾ ಜಿಲ್ಲೆಯು ಎರಡನೇ ತರಗತಿಯ ಎಲ್ಲ ಮಕ್ಕಳಿಗೂ ನಗ್ಲಿಯೆರಿ ಪರೀಕ್ಷೆಯನ್ನು ನೀಡತೊಡಗಿತು. ಇದು ಪದಗಳ ಬದಲು ಆಕೃತಿಗಳ ವಿನ್ಯಾಸವನ್ನು ಗುರುತಿಸುವ ಪರೀಕ್ಷೆ; ತರಗತಿಯಲ್ಲೇ ಎಲ್ಲರಿಗೂ ಒಟ್ಟಿಗೆ ನೀಡಬಹುದು. ಇದರಲ್ಲಿ 130 ಅಂಕ ಪಡೆದವರನ್ನು, ಹಾಗೂ ಬಡ ಕುಟುಂಬದ ಅಥವಾ ಇಂಗ್ಲಿಷ್ ಕಲಿಯುತ್ತಿರುವ ಮಕ್ಕಳಲ್ಲಿ 115 ಪಡೆದವರನ್ನು, ಮನೋವಿಜ್ಞಾನಿಯ ಬಳಿ ಪೂರ್ಣ ಪರೀಕ್ಷೆಗೆ ಕಳುಹಿಸಲಾಯಿತು. ಅಂತಿಮ ಆಯ್ಕೆಯ ನಿಯಮ ಹಿಂದಿನಂತೆಯೇ ಉಳಿಯಿತು: ಬುದ್ಧಿಸೂಚ್ಯಂಕ 130, ಅನನುಕೂಲ ಪರಿಸ್ಥಿತಿಯ ಮಕ್ಕಳಿಗೆ 116.

ಅರ್ಥಶಾಸ್ತ್ರಜ್ಞರಾದ ಡೇವಿಡ್ ಕಾರ್ಡ್ ಮತ್ತು ಲಾರಾ ಜ್ಯೂಲಿಯಾನೊ ಇದರ ಪರಿಣಾಮವನ್ನು ಅಧ್ಯಯನ ಮಾಡಿದರು. ಅವರ ಲೆಕ್ಕದಂತೆ, ಅರ್ಹತೆಯ ಮಟ್ಟವನ್ನು ಇಳಿಸದೆಯೇ ಅನನುಕೂಲ ಪರಿಸ್ಥಿತಿಯ ಮಕ್ಕಳಲ್ಲಿ ಪ್ರತಿಭಾನ್ವಿತರ ಪ್ರಮಾಣ ಶೇಕಡಾ 180ರಷ್ಟು ಏರಿತು. ಹಿಸ್ಪಾನಿಕ್ ಮಕ್ಕಳಲ್ಲಿ ಏರಿಕೆ ಶೇಕಡಾ 130, ಕಪ್ಪು ಮಕ್ಕಳಲ್ಲಿ ಶೇಕಡಾ 80. ಹಳೆಯ ಶಿಫಾರಸು ಪದ್ಧತಿಯಲ್ಲಿ ಈ ಗುಂಪುಗಳ ಜೊತೆಗೆ ಹೆಣ್ಣುಮಕ್ಕಳೂ ಕಡೆಗಣಿಸಲ್ಪಟ್ಟಿದ್ದರು ಎಂಬುದು 2016ರಲ್ಲಿ ಪ್ರಕಟವಾದ ಅವರ ಲೇಖನದ ಇನ್ನೊಂದು ನಿಷ್ಕರ್ಷೆ. ಈ ಮಕ್ಕಳು ಮೊದಲೂ ಅದೇ ತರಗತಿಗಳಲ್ಲಿದ್ದರು. ಅವರನ್ನು ಪರೀಕ್ಷೆಗೆ ಕಳುಹಿಸಿದವರು ಮಾತ್ರ ಇರಲಿಲ್ಲ.

ಎಲ್ಲರಿಗೂ ಪರೀಕ್ಷೆ ನೀಡುವುದು ಅಗ್ಗವಾಗಿರಲಿಲ್ಲ. ಆರ್ಥಿಕ ಹಿಂಜರಿತದಿಂದ ಆಯವ್ಯಯ ಕುಗ್ಗಿದಾಗ ಈ ಕ್ರಮ ಸ್ಥಗಿತಗೊಂಡಿತು. ಬಳಿಕ ಅನನುಕೂಲ ಪರಿಸ್ಥಿತಿಯ ಮಕ್ಕಳ ಪ್ರಮಾಣ ಹಿಂದಿನ ಮಟ್ಟಕ್ಕೆ ಮರಳಿತು.

ನ್ಯೂಯಾರ್ಕ್ ನಗರ

ಒಂದೇ ಪರೀಕ್ಷೆ, ಒಂದೇ ಗಡಿ ಅಂಕ ಇಟ್ಟರೆ ತಾರತಮ್ಯ ಅಳಿಯುತ್ತದೆ ಎಂಬ ವಾದಕ್ಕೆ ನ್ಯೂಯಾರ್ಕ್ ನಗರದ ಅನುಭವ ವಿರುದ್ಧವಾಗಿದೆ. 2008ರಿಂದ ಅಲ್ಲಿ ಶಿಶುವಿಹಾರದ ಪ್ರವೇಶಕ್ಕೆ ನಗರವ್ಯಾಪಿ ಗಡಿ ಜಾರಿಗೆ ಬಂತು: ಸ್ಥಳೀಯ ಕಾರ್ಯಕ್ರಮಗಳಿಗೆ 90ನೇ ಪರ್ಸೆಂಟೈಲ್, ನಗರಮಟ್ಟದ ಶಾಲೆಗಳಿಗೆ 97ನೇ ಪರ್ಸೆಂಟೈಲ್. ಪರೀಕ್ಷೆಗೆ ಹೆಸರು ನೋಂದಾಯಿಸುವುದು ತಂದೆತಾಯಿಗೆ ಬಿಟ್ಟ ವಿಷಯವಾಗಿತ್ತು. ನಾಲ್ಕು ವರ್ಷದ ಮಕ್ಕಳಿಗೆ ತರಬೇತಿ ನೀಡುವ ಖಾಸಗಿ ಕೇಂದ್ರಗಳು ತಲೆಯೆತ್ತಿದವು, ಬಡ ಬಡಾವಣೆಗಳಲ್ಲಿ ಅರ್ಹ ಮಕ್ಕಳ ಸಂಖ್ಯೆ ಸಾಲದೆ ಕಾರ್ಯಕ್ರಮಗಳೇ ಮುಚ್ಚಿದವು. 2013ರಲ್ಲಿ ಅಂಕಗಳ ಲೆಕ್ಕಾಚಾರದಲ್ಲಾದ ದೋಷದಿಂದ ಸುಮಾರು 2,700 ಅರ್ಹ ಮಕ್ಕಳಿಗೆ ಅನರ್ಹರೆಂಬ ಪತ್ರ ಹೋಗಿತ್ತು. ನಂತರ ಅದನ್ನು ಸರಿಪಡಿಸಲಾಯಿತು. 2021ರ ಜನವರಿಯಲ್ಲಿ ನಗರದ ಶಿಕ್ಷಣ ನೀತಿ ಮಂಡಳಿ ಪರೀಕ್ಷೆಯ ಗುತ್ತಿಗೆಯನ್ನು ಮುಂದುವರಿಸಲು ಒಪ್ಪಲಿಲ್ಲ. ಅದೇ ವರ್ಷ ಮೇಯರ್ ಬಿಲ್ ಡಿ ಬ್ಲಾಸಿಯೊ ಕಾರ್ಯಕ್ರಮವನ್ನು ಹಂತಹಂತವಾಗಿ ನಿಲ್ಲಿಸುವುದಾಗಿ ಪ್ರಕಟಿಸಿದರು; ಮುಂದಿನ ವರ್ಷ ಅಧಿಕಾರಕ್ಕೆ ಬಂದ ಎರಿಕ್ ಆಡಮ್ಸ್ ಅದನ್ನು ಉಳಿಸಿಕೊಂಡರು; ಪರೀಕ್ಷೆಯ ಜಾಗಕ್ಕೆ ಶಿಶುವಿಹಾರಪೂರ್ವ ಶಿಕ್ಷಕರ ಶಿಫಾರಸು ಬಂದಿತು.

ಸ್ಥಳೀಯ ಮಾನದಂಡ

ರಾಷ್ಟ್ರೀಯ ಗಡಿ ಅಂಕದ ಬದಲು ಪ್ರತಿ ಶಾಲೆಯ ಮೇಲಿನ ಶೇಕಡಾ 5 ಅಥವಾ 10ರಷ್ಟು ಮಕ್ಕಳನ್ನು ಆಯ್ಕೆ ಮಾಡುವುದು ಇನ್ನೊಂದು ವಿಧಾನ. ಕಾನೂನಿನ ವ್ಯಾಖ್ಯೆ ಹೇಳುವುದು ಶಾಲೆ ‘ಸಾಮಾನ್ಯವಾಗಿ ಒದಗಿಸದ’ ಸೇವೆಯ ಅಗತ್ಯದ ಬಗ್ಗೆ. ಆ ಅಗತ್ಯ ಮಗು ಕುಳಿತಿರುವ ತರಗತಿಗೆ ಸಂಬಂಧಿಸಿದ್ದೇ ಹೊರತು ಇಡೀ ದೇಶದ ಸರಾಸರಿಗೆ ಸಂಬಂಧಿಸಿದ್ದಲ್ಲ ಎಂಬುದು ಇದರ ಸಮರ್ಥಕರ ವಾದ. ಸ್ಕಾಟ್ ಪೀಟರ್ಸ್ ಮತ್ತು ಸಹಲೇಖಕರು 2019ರಲ್ಲಿ ನಡೆಸಿದ ವಿಶ್ಲೇಷಣೆಯಲ್ಲಿ ಶಾಲಾವಾರು ಮಾನದಂಡದಿಂದ ಕಪ್ಪು ಮತ್ತು ಹಿಸ್ಪಾನಿಕ್ ಮಕ್ಕಳ ಪ್ರಾತಿನಿಧ್ಯ ಗಮನಾರ್ಹವಾಗಿ ಹೆಚ್ಚುತ್ತದೆ ಎಂದು ಕಂಡುಬಂದಿತು. ಅಮೆರಿಕದ ಶಾಲೆಗಳು ವಾಸಸ್ಥಳದ ಆಧಾರದಲ್ಲಿ ಜನಾಂಗವಾರು ಬೇರ್ಪಟ್ಟಿರುವುದೇ ಇದಕ್ಕೆ ಕಾರಣ. ಒಂದು ಶಾಲೆಯಲ್ಲಿ ಪ್ರತಿಭಾನ್ವಿತ ಎನಿಸಿದ ಮಗು ಪಕ್ಕದ ಶಾಲೆಗೆ ಸೇರಿದರೆ ಆ ಗುರುತನ್ನು ಕಳೆದುಕೊಳ್ಳುತ್ತದೆ ಎಂಬುದು ಟೀಕಾಕಾರರ ಆಕ್ಷೇಪ. ಈ ವಿಧಾನದಲ್ಲಿ ಒಟ್ಟು ಸಂಖ್ಯೆ ಮೊದಲೇ ನಿಗದಿಯಾಗಿರುವುದರಿಂದ ‘ಎಷ್ಟು ಮಂದಿ ಪ್ರತಿಭಾನ್ವಿತರು’ ಎಂಬ ಪ್ರಶ್ನೆಗೆ ಅಂಕಿಅಂಶದಲ್ಲಿ ಉತ್ತರ ಹುಡುಕುವಂತಿಲ್ಲ.

ವರ್ಷದಿಂದ ವರ್ಷಕ್ಕೆ ಹೋಲಿಕೆ

ರಾಷ್ಟ್ರೀಯ ಪ್ರಮಾಣ 2004 ಮತ್ತು 2006ರಲ್ಲಿ ಶೇಕಡಾ 6.7, 2011–12ರಲ್ಲಿ 6.4, 2013–14ರಲ್ಲಿ ಮತ್ತೆ 6.7 ಇತ್ತು. ಮೊದಲ ಎರಡು ಅಂಕಿಗಳು ಮಾದರಿ ಸಮೀಕ್ಷೆಯ ಅಂದಾಜುಗಳು, ಕೊನೆಯ ಎರಡು ಎಲ್ಲ ಶಾಲೆಗಳ ಎಣಿಕೆ. ಆದ್ದರಿಂದ ನಡುವಿನ ಇಳಿಕೆಯನ್ನು ನೇರವಾಗಿ ನೀತಿಯ ಪರಿಣಾಮವೆಂದು ಓದಲಾಗದು. ಕೋವಿಡ್ ಕಾರಣದಿಂದ 2019–20ರ ಸುತ್ತು ನಡೆಯದೆ 2020–21ಕ್ಕೆ ಮುಂದೂಡಲ್ಪಟ್ಟಿತು. ಆ ವರ್ಷ ಅನೇಕ ಶಾಲೆಗಳು ಪೂರ್ಣವಾಗಿ ಅಥವಾ ಭಾಗಶಃ ದೂರಶಿಕ್ಷಣದಲ್ಲಿದ್ದವು. ಕಾರ್ಯಕ್ರಮ ಇಲ್ಲವೆಂದು ಉತ್ತರಿಸಿದ ಶಾಲೆ ಮತ್ತು ಕಾರ್ಯಕ್ರಮವಿದ್ದೂ ಶೂನ್ಯ ವರದಿ ಮಾಡಿದ ಶಾಲೆ ಮೊತ್ತದಲ್ಲಿ ಒಂದೇ ರೀತಿ ಕಾಣುತ್ತವೆ. ಮಕ್ಕಳ ಗುರುತು ಬಹಿರಂಗವಾಗದಂತೆ ಕೆಲವು ಸುತ್ತುಗಳ ಸಾರ್ವಜನಿಕ ಕಡತಗಳಲ್ಲಿ ಸಣ್ಣ ಸಂಖ್ಯೆಗಳನ್ನು ಅಲ್ಪಸ್ವಲ್ಪ ಬದಲಿಸಲಾಗಿದೆ. ರಾಜ್ಯದ ಮೊತ್ತದಲ್ಲಿ ಇದರ ಪರಿಣಾಮ ನಗಣ್ಯವಾದರೂ, ನಾಲ್ಕೈದು ಮಕ್ಕಳನ್ನು ಮಾತ್ರ ಗುರುತಿಸಿರುವ ಒಂದು ಶಾಲೆಯ ಶೇಕಡಾವಾರು ಲೆಕ್ಕವನ್ನು ಅದು ಏರುಪೇರು ಮಾಡಬಲ್ಲದು.